ನಿಂತ ಬಿರುಕು, ನಡೆಯುವ ಬಿರುಕು

ಮೇಸ್ತ್ರಿಗಳು ತೀರಿಕೊಂಡರು ಎಂದು ಅವರ ಸೊಸೆ ಫೋನ್ ಮಾಡಿ ಹೇಳಿದಾಗ ನಾನು ಮೊದಲು ನೋಡಿದ್ದು ಅಡುಗೆಮನೆಯ ಗೋಡೆಯನ್ನು. ಸಾವಿನ ಸುದ್ದಿ ಬಂದರೆ ಜನ ಕೂತುಕೊಳ್ಳುತ್ತಾರೆ, ಇಲ್ಲವೇ ದೇವರ ಮುಂದೆ ಹೋಗಿ ನಿಲ್ಲುತ್ತಾರೆ. ನಾನು ಗ್ಯಾಸ್ ಆರಿಸಿ, ಕೈಯನ್ನು ಸೆರಗಿಗೆ ಒರೆಸಿಕೊಂಡು, ಫ್ರಿಜ್ಜಿನ ಪಕ್ಕದ ಗೋಡೆಗೆ ಅಂಟಿಸಿರುವ ಎರಡು ಬೆರಳಗಲದ ಗಾಜಿನ ಪಟ್ಟಿ ಒಡೆದಿದೆಯೇ ಎಂದು ನೋಡಿದೆ. ಒಡೆದಿರಲಿಲ್ಲ. ತಾಯಿ ದೊಡ್ಡವಳು ಅಂದುಕೊಂಡೆ. ಆಮೇಲೆ ಅಳು ಬಂತು.

ಅವರ ಹೆಸರು ಬರೆಯುವುದಿಲ್ಲ. ನಾವು ಅವರನ್ನು ಮೇಸ್ತ್ರಿ ಎನ್ನುತ್ತಿದ್ದೆವು, ಅವರು ತಮ್ಮನ್ನು ಗೋಡೆ ಕಟ್ಟುವ ಗೌಂಡಿ ಎಂದುಕೊಳ್ಳುತ್ತಿದ್ದರು. ಅಷ್ಟು ಸಾಕು. ವಿಜಯಪುರದ ಕಡೆಯ ಮುಸಲ್ಮಾನರು. ಸಣ್ಣ ವಯಸ್ಸಿಗೇ ಮುಂಬಯಿಗೆ ಬಂದು, ಬೈಕುಲ್ಲಾ ಸುತ್ತಮುತ್ತಲಿನ ಹಳೆಯ ಬಿಲ್ಡಿಂಗುಗಳ ರಿಪೇರಿಯಲ್ಲೇ ಮುದುಕರಾದವರು. ಮನೆಯಲ್ಲಿ ದಖ್ಖನಿ, ಹೊರಗೆ ಹಿಂದಿ, ನನ್ನ ಜೊತೆ ಕನ್ನಡ. ಗೋಡೆಗಳ ಜೊತೆ ಯಾವ ಭಾಷೆಯೋ ನನಗೆ ಗೊತ್ತಿಲ್ಲ, ಆದರೆ ಮಾತಾಡುತ್ತಿದ್ದರು. ಇಡೀ ಅಂಗೈಯನ್ನು ಗೋಡೆಗೆ ಊರಿ, ತಲೆ ವಾರೆ ಮಾಡಿ ನಿಂತುಬಿಡುತ್ತಿದ್ದರು. ಮಗುವಿನ ಹೊಟ್ಟೆ ಮುಟ್ಟಿ ನೋಡುವ ಡಾಕ್ಟರರ ಹಾಗೆ.

ಆಗ ನಾವು ಬೈಕುಲ್ಲಾದಲ್ಲಿದ್ದೆವು. ಮೂರು ಮಾಳಿಗೆ, ಮರದ ಮೆಟ್ಟಿಲು, ಹನ್ನೊಂದು ಸಂಸಾರ. ನಮ್ಮ ಮಾವನವರು ಮೈಸೂರಿನಿಂದ ಬಂದು ಫೋರ್ಟಿನ ಒಂದು ಆಫೀಸಿನಲ್ಲಿ ಗುಮಾಸ್ತರಾಗಿ ಸೇರಿದಾಗ ಹಿಡಿದ ಮನೆ ಅದು. ನಮ್ಮವರೂ ಅಲ್ಲಿಂದಲೇ ಲೋಕಲ್ ಹತ್ತಿ ಫೋರ್ಟಿಗೆ ಹೋಗುತ್ತಿದ್ದರು. ಎರಡನೇ ಮಾಳಿಗೆಯ ಹಿಂಭಾಗದಲ್ಲಿ ನಮ್ಮ ಅಡುಗೆಮನೆ. ಅದರ ಗೋಡೆಯಲ್ಲಿ, ಸೂರಿನ ಮೂಲೆಯಿಂದ ದೇವರ ಗೂಡಿನ ಪಕ್ಕದವರೆಗೆ ಒಂದು ಬಿರುಕು. ಮದುವೆಯಾಗಿ ಬಂದ ದಿನದಿಂದ ಅದನ್ನು ನೋಡಿದ್ದೆ. ಮನೆಯ ಹಿರಿಯರ ಮುಖದ ಸುಕ್ಕಿನ ಹಾಗೆ, ಅದರ ಕಡೆ ಲಕ್ಷ್ಯವಿರಲಿಲ್ಲ. ಒಂದು ಬೇಸಿಗೆಯಲ್ಲಿ ಮಾತ್ರ, ಅದು ದೇವರ ಗೂಡನ್ನು ದಾಟಿ ಕೆಳಗಿಳಿದಿದೆ ಎಂದು ನನಗೆ ಅನ್ನಿಸಿತು. ಅನ್ನಿಸಿದ್ದೋ ನಿಜವೋ ಹೇಳಲಾರೆ. ಸೊಸೈಟಿಯ ಸೆಕ್ರೆಟರಿಗೆ ಹೇಳಿದೆ. ಮೂರನೇ ಮಾಳಿಗೆಯ ಮರಾಠಿ ಹಿರಿಯರು, ಅದೇ ಬಿಲ್ಡಿಂಗಿನಲ್ಲಿ ಹುಟ್ಟಿದವರು. ಮಳೆಗಾಲಕ್ಕೆ ಮುಂಚೆ ತುಂಬಿಸಿಬಿಡೋಣ ಎಂದು ಮೇಸ್ತ್ರಿಯನ್ನು ಕಳಿಸಿದರು.

ಮೇಸ್ತ್ರಿ ಬಂದಾಗ ನಾನು ಉಕ್ಕಿದ ಹಾಲನ್ನು ಕನ್ನಡದಲ್ಲಿ ಬೈಯುತ್ತಿದ್ದೆ. ಅವರು ಬಾಗಿಲಲ್ಲೇ ನಿಂತು, “ಅಕ್ಕಾರ, ನಮ್ಮ ಕಡೆಯವ್ರೇನ್ರಿ ನೀವು?” ಎಂದು ಕೇಳಿದರು. ಮೈಸೂರು ಎಂದೆ. “ಹಂಗಾದ್ರ ಭಾಳ ದೂರದ ನಮ್ಮ ಕಡೆಯವ್ರು ಅನ್ರಿ,” ಎಂದು ನಕ್ಕರು. ಬಿಸ್ಮಿಲ್ಲಾ ಎಂದು ಗೋಡೆಗೆ ಕೈ ಇಟ್ಟರು. ನನ್ನ ತಲೆಯ ಹೇರ್‌ಪಿನ್ ಬೇಡಿ ಇಸಿದುಕೊಂಡು ಬಿರುಕಿನೊಳಗೆ ಅಲ್ಲಲ್ಲಿ ತೂರಿಸಿದರು, ಹೊರಗೆ ತೆಗೆದಾಗಲೆಲ್ಲ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರು.

ತುಂಬುವುದು ದೊಡ್ಡ ಮಾತಲ್ಲ, ಮೊದಲು ಅದು ಯಾವಾಗಿನದು ಅಂತ ತಿಳಿಯಬೇಕು ಎಂದರು. ಅವರ ಲೆಕ್ಕದಲ್ಲಿ ಬಿರುಕಿಗೆ ಎರಡೇ ಜಾತಿ, ನಿಂತದ್ದು ಮತ್ತು ನಡೆಯುತ್ತಿರುವುದು. ನಿಂತ ಬಿರುಕಿನೊಳಗೆ ಸಂಸಾರ ಇರುತ್ತದೆ. ಜೇಡರ ಬಲೆ, ಇರುವೆ, ಒಗ್ಗರಣೆಯ ಜಿಡ್ಡು, ನಮ್ಮತ್ತೆ ಕಾಲದ ಹಸಿರು ಬಣ್ಣ, ಅದರ ಮೇಲೆ ಗುಲಾಬಿ, ಅದರ ಮೇಲೆ ನನ್ನ ಕಾಲದ ಕೆನೆಬಣ್ಣ. ಅಂಚು ನುಣ್ಣಗಾಗಿರುತ್ತದೆ. ಎಂದೋ ಏನೋ ಆಗಿತ್ತು, ಆಗಿ ಮುಗಿಯಿತು ಎಂದು ಅರ್ಥ. ನಡೆಯುವ ಬಿರುಕಿನ ಒಳಗು ಬೆಳ್ಳಗೆ, ಈಗ ಒಡೆದ ಕೊಬ್ಬರಿಯ ಹಾಗೆ. ಅಂಚಿಗೆ ಬೆರಳಿಟ್ಟರೆ ಚುಚ್ಚುತ್ತದೆ.

ನಮ್ಮದು ಯಾವುದು ಎಂದು ಕೇಳಿದೆ.

“ಮ್ಯಾಲ ನಿಂತದ. ಕೆಳಗ...” ಎಂದು ತಡೆದರು. “ಕೆಳಗ ನನಗ ತಿಳೀವಲ್ದು ಅಕ್ಕಾರ. ಕಣ್ಣ ಸುಳ್ಳ ಹೇಳ್ತದ. ಗಾಜಿನ್ನ ಕೇಳೂಣು.”

ಅವರ ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಗಾಜಿನ ಪಟ್ಟಿಗಳಿರುತ್ತಿದ್ದವು. ಒಡೆದ ಕಿಟಕಿಯಿಂದಲೋ ಹಳೆಯ ಫೋಟೋ ಕಟ್ಟಿನಿಂದಲೋ ತಾವೇ ಕೊಯ್ದದ್ದು. ಬಿರುಕಿನ ಎರಡೂ ದಡಕ್ಕೆ ಬಣ್ಣ ಕೆರೆದು, ಪಿಒಪಿಯ ಬಿಳಿ ಗಾರೆ ಕಲಸಿ ಹಚ್ಚಿ, ಸೇತುವೆಯ ಹಾಗೆ ಒಂದು ಪಟ್ಟಿ ಕೂರಿಸಿದರು. ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಖು ಬರೆದರು. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಗಾಜು ತಾಳುವುದಿಲ್ಲ, ಒಡೆಯುತ್ತದೆ. ಅದು ಒಡೆಯದಿರುವ ತನಕ ಬಿರುಕು ಹಳೆಯದು, ಒಡೆದ ದಿನ ಅದು ಈಗಿನದು. ಯಾರೂ ಮುಟ್ಟಬೇಡಿ, ಒಡೆದರೆ ಒಡೆದ ಗಾಜನ್ನು ಹಾಗೇ ಬಿಟ್ಟು ನನಗೆ ಹೇಳಿ ಕಳಿಸಿ ಎಂದರು. ಇದೊಂದೇ ಮಾತನ್ನು ಮೂರು ಸಲ ಹೇಳಿದರು.

ಸೆಕ್ರೆಟರಿಗೆ ಇದು ತಮಾಷೆ. ಮೀಟಿಂಗಿನಲ್ಲಿ ಎಲ್ಲರ ಎದುರಿಗೆ, “ಅರೇ ಮಿಸ್ತ್ರಿ, ಯೇ ತೋ ಹಿಸ್ಟಾರಿಕಲ್ ಕ್ರ್ಯಾಕ್ ಹೈ, ಮೇರೇ ದಾದಾ ಕೇ ಜಮಾನೇ ಕಾ,” ಎಂದರು, ಬಿರುಕು ಅವರಜ್ಜನ ಕಾಲದ್ದಂತೆ. ಎಲ್ಲರೂ ನಕ್ಕೆವು. ನಗುವುದಕ್ಕೆ ನಮಗೆ ಆಸೆಯೂ ಇತ್ತು. ಹಳೆಯದು ಎಂದರೆ ಬಿಲ್ಡಿಂಗು ಬಿಡಬೇಕಾಗಿಲ್ಲ, ಸರಕಾರ ಕೊಡುವ ಟ್ರಾನ್ಸಿಟ್ ಕ್ಯಾಂಪಿನ ತಾತ್ಕಾಲಿಕ ಖೋಲಿಗೆ ಹೋಗಬೇಕಾಗಿಲ್ಲ. ಮೇಸ್ತ್ರಿ ಮಾತ್ರ ನಗಲಿಲ್ಲ. ಅವರು ಯಾರಿಗೂ ಹೆದರಬೇಡಿ ಎಂದು ಹೇಳಿದ್ದನ್ನು ನಾನು ಕೇಳಿಯೇ ಇಲ್ಲ. ಅವರದು ಯಾವಾಗಲೂ “ನೋಡೂಣು” ಎಂಬ ಒಂದೇ ಮಾತು.

ಪ್ರತಿ ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿಕೊಂಡು ಬರುತ್ತಿದ್ದರು. ಬಿಳಿ ಟೊಪ್ಪಿಗೆ ಮಡಿಸಿ ಜೇಬಿಗಿಟ್ಟು, ಕೈಗನ್ನಡಿಯಿಂದ ಕಿಟಕಿಯ ಬಿಸಿಲನ್ನು ಗಾಜಿನ ಮೇಲೆ ಬೀಳಿಸಿ ನೋಡಿ, “ನಿಂತದ,” ಎನ್ನುತ್ತಿದ್ದರು. ಆ ಒಂದು ಮಾತಿನಿಂದ ನನ್ನ ವಾರ ಸಾಗುತ್ತಿತ್ತು. ನಮ್ಮ ಮನೆಯಲ್ಲಿ ಕಾಫಿ ಮಾತ್ರ. ಕಾಫಿ ಕುಡಿದರೆ ನಿದ್ದೆ ಬರುವುದಿಲ್ಲ, ನಿದ್ದೆ ಬರದಿದ್ದರೆ ಗೋಡೆಗಳು ನೆನಪಾಗುತ್ತವೆ ಎಂದು ಅವರು ಒಲ್ಲೆ ಎನ್ನುತ್ತಿದ್ದರು. ಅವರಿಗೆಂದೇ ಚಹಾಪುಡಿಯ ಒಂದು ಡಬ್ಬಿ ಇಟ್ಟೆ. ಕುಡಿಯುವಾಗ ಗೋಡೆಗೆ ಒರಗುತ್ತಿರಲಿಲ್ಲ, ನಡುಮನೆಯಲ್ಲಿ ನೆಟ್ಟಗೆ ಕೂರುತ್ತಿದ್ದರು. ಯಾರ ಮನೆಗೆ ಹೋದರೂ ಮೊದಲು ಬಾಗಿಲಿನ ಮೇಲಿನ ಎರಡು ಮೂಲೆ ನೋಡಿ, ಆಮೇಲೆ ಮನೆಯವರ ಮುಖ ನೋಡುತ್ತಿದ್ದರು.

ನಾನು ಬೆಳಿಗ್ಗೆ ಎದ್ದು ದೀಪ ಹಚ್ಚಿ, ದೇವರಿಗೆ ಕೈಮುಗಿದು, ತಿರುಗಿ ಗಾಜು ನೋಡುತ್ತಿದ್ದೆ. ಇವತ್ತೂ ಇದೆ, ಒಂದು. ನಲ್ಲಿಯಲ್ಲಿ ನೀರು ಬಂತು, ಎರಡು. ನಮ್ಮವರು ಮನೆ ಮುಟ್ಟಿದರು, ಮೂರು. ದೇವರು ಕೊಟ್ಟದ್ದನ್ನು ಎಣಿಸುವ ಅಭ್ಯಾಸ ನಮ್ಮತ್ತೆಯವರದು, ನನಗೆ ಬಂದಿದೆ. ಮಗಳು ನಗುತ್ತಿದ್ದಳು. “ಮಮ್ಮಿ, ಗ್ಲಾಸಿಗೆ ಭೀ ಕುಂಕುಮ ಹಚ್ಚು ನಾ.” ಅವಳು ಕಾಲೇಜಿನಲ್ಲಿ ಇತಿಹಾಸ ಓದುತ್ತಿದ್ದಳು. ಮುಗಿದದ್ದು ಚಾರಿತ್ರಿಕ, ನಮ್ಮ ಕಾಲದಲ್ಲಿ ನಮ್ಮ ಜೊತೆ ನಡೆಯುವುದು ಸಮಕಾಲೀನ ಎಂದು ಅವಳ ಪ್ರೊಫೆಸರು ಒಂದಿಡೀ ಗಂಟೆ ಪಾಠ ಮಾಡಿದರಂತೆ. ಅದನ್ನೇ ಮೇಸ್ತ್ರಿಗಳು ಎರಡು ಬೆರಳಗಲದ ಗಾಜಿನಲ್ಲಿ ಹೇಳುತ್ತಾರಲ್ಲ ಎಂದೆ. ಅವಳು ಒಪ್ಪಲಿಲ್ಲ.

ಇನ್ನು ಬರೆಯಬೇಕಾದದ್ದನ್ನು ಬರೆಯಲು ಕೈ ಹಿಂಜರಿಯುತ್ತದೆ.

ಆ ಶ್ರಾವಣ ಮಳೆ ಬಿಡಲೇ ಇಲ್ಲ. ಶುಕ್ರವಾರ ವರಮಹಾಲಕ್ಷ್ಮಿ ವ್ರತ. ಗುರುವಾರ ಅಡುಗೆಮನೆ ತೊಳೆದು, ಬೆಳ್ಳಿ ಚೊಂಬು ಬೆಳಗಿ, ತಲೆಯೆತ್ತಿದರೆ ಗಾಜಿನ ನಡುವೆ ಒಂದು ಗೆರೆ. ಕೂದಲು ಅಂಟಿದೆ ಎಂದುಕೊಂಡು ಉಗುರಿನಿಂದ ಕೆರೆದೆ. ಕೂದಲಲ್ಲ.

ನಾನು ಆಗ ಏನು ಮಾಡಬೇಕಾಗಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ನಮ್ಮ ಮನೆತನದಲ್ಲಿ ಒಡೆದ ಗಾಜು, ಒಡೆದ ಬಳೆ ಮನೆಯೊಳಗೆ ಇರಬಾರದು. ಅದರಲ್ಲೂ ಲಕ್ಷ್ಮಿಯನ್ನು ಕರೆಯುವ ಹಿಂದಿನ ದಿನ. ಮಗಳ ಬ್ಯಾಗು ತಗುಲಿರಬೇಕು ಎಂದುಕೊಂಡೆ. ಕುಕ್ಕರಿನ ಹಬೆಗೆ ಸೀಳಿರಬೇಕು ಎಂದುಕೊಂಡೆ. ದೋಸೆ ಮಗುಚುವ ಸಟ್ಟುಗದಿಂದ ಪಟ್ಟಿಯನ್ನು ಎಬ್ಬಿಸಿ, ಪೇಪರಿನಲ್ಲಿ ಸುತ್ತಿ ಕಸಕ್ಕೆ ಹಾಕಿದೆ. ಪೆನ್ಸಿಲಿನ ತಾರೀಖನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಆ ಜಾಗದ ಮೇಲೆ ದೇವಿಯ ಕ್ಯಾಲೆಂಡರು ತೂಗುಹಾಕಿದೆ.

ಮರುದಿನ ಮನೆ ತುಂಬ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು. ಮೇಸ್ತ್ರಿ ಬಂದವರು ಹೊಸಿಲ ಆಚೆಯೇ ನಿಂತರು. ಹಬ್ಬದ ದಿನ ಒಳಗೆ ಬರುವುದಿಲ್ಲ ಎಂದರು. ಒಳಗೆ ಕರೆಯಬೇಕಾಗಿತ್ತು ನಾನು.

“ಗಾಜು ಹೆಂಗದರಿ, ಅಕ್ಕಾರ?”

“ಇದೆ,” ಎಂದೆ.

“ನಿಂತದ ಅನ್ರಿ,” ಎಂದು ಸಮಾಧಾನದಿಂದ ತಲೆಯಾಡಿಸಿ, ನಾನು ಕೊಟ್ಟ ಹೋಳಿಗೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಹೋದರು. ಅವರು ಕೈಗನ್ನಡಿಯನ್ನು ಜೇಬಿನಿಂದ ತೆಗೆಯದೆ ಹೋದ ಶುಕ್ರವಾರ ಅದೊಂದೇ. ನನ್ನ ಮಾತನ್ನು ನಂಬಿದ್ದರು.

ಅವರು ಮೆಟ್ಟಿಲಿಳಿಯುವ ಸದ್ದು ಮುಗಿದಾಗ ಶುರುವಾದ ಹೆದರಿಕೆ ಶನಿವಾರ, ಭಾನುವಾರ ಬೆಳೆಯುತ್ತಲೇ ಹೋಯಿತು. ಲಾರಿ ಹೋದರೆ ಕೈಯಲ್ಲಿದ್ದ ಸೌಟು ನಿಲ್ಲುತ್ತಿತ್ತು. ಮೇಲಿನ ಮನೆಯವರು ಸ್ಟೂಲು ಎಳೆದರೆ ರಾಮ ರಾಮ ಎನ್ನುತ್ತಿದ್ದೆ. ಕ್ಯಾಲೆಂಡರು ಎತ್ತಿ ನೋಡಲು ಎರಡು ದಿನ ಧೈರ್ಯ ಬರಲಿಲ್ಲ. ಎತ್ತಿದಾಗ ಒಳಗೆಲ್ಲ ಬೆಳ್ಳಗಿತ್ತು. ಯಾಕೆ ಬೆವರುತ್ತಿದ್ದೀಯ ಎಂದು ನಮ್ಮವರು ಕೇಳಿದರು. ವ್ರತದ ಉಪವಾಸದ ಆಯಾಸ ಇನ್ನೂ ಇಳಿದಿಲ್ಲ ಎಂದೆ. ಸುಳ್ಳಿಗೂ ಒಂದು ನಡಿಗೆ ಇರುತ್ತದೆ. ಮೊದಲನೆಯದನ್ನು ಆಡಿದ ಮೇಲೆ ಎರಡನೆಯದು ತಾನೇ ಬರುತ್ತದೆ.

ಸೋಮವಾರ ಅಡುಗೆಮನೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತು. ಮಳೆಗೆ ಮರ ಉಬ್ಬಿದೆ ಎಂದರು ನಮ್ಮವರು. ಮಂಗಳವಾರ ಬೆಳಿಗ್ಗೆ ಅವರೂ ಮಗಳೂ ಹೊರಟ ಮೇಲೆ ನೋಡಿದರೆ ಗೋಡೆಯ ಬುಡದಲ್ಲಿ ಬಿಳಿಯ ಪುಡಿಯ ಒಂದು ಸಾಲು. ವ್ರತದ ರಂಗೋಲಿಪುಡಿ ಉಳಿದಿದೆ ಎಂದು ಗುಡಿಸಿದೆ. ಪೂಜೆಯ ಪಾತ್ರೆ ಎತ್ತಿಟ್ಟು ಬಂದೆ. ಅದೇ ಜಾಗದಲ್ಲಿ ಮತ್ತೆ ಪುಡಿ. ನಾನು ನೋಡುತ್ತಿದ್ದಂತೆ, ಕ್ಯಾಲೆಂಡರಿನ ಹಿಂದಿನಿಂದ, ಜರಡಿ ಹಿಡಿದ ಹಾಗೆ ಸಣ್ಣಗೆ ಇಳಿಯುತ್ತಿತ್ತು.

ಚಪ್ಪಲಿ ಹಾಕಿಕೊಂಡೆನೋ ಇಲ್ಲವೋ ನೆನಪಿಲ್ಲ. ಮೇಸ್ತ್ರಿ ಆಗ ಕೆಲಸ ಮಾಡುತ್ತಿದ್ದ ಮಾರ್ಕೆಟ್ಟಿನ ಹಿಂದಿನ ಗಲ್ಲಿಗೆ ನಾನು ಅದಕ್ಕೆ ಮುಂಚೆ ಒಬ್ಬಳೇ ಹೋದವಳಲ್ಲ. ಮೇಸ್ತ್ರಿ ಒಂದು ಗೋಡೆಗೆ ಕಟ್ಟಿದ ಬಿದಿರಿನ ಅಟ್ಟದ ಮೇಲಿದ್ದರು. ನನ್ನನ್ನು ಕಂಡವರೇ ಗಾರೆ ಬಳಿಯುವ ಕರಣಿ ಬಿಟ್ಟು ಇಳಿದರು. ನಾನು ಎಲ್ಲ ಹೇಳಿದೆ. ಒಡೆದದ್ದು, ಎಸೆದದ್ದು, ಇದೆ ಎಂದದ್ದು. ಬೈಯುತ್ತಾರೆ ಎಂದು ಕಾದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

“ಯಾವತ್ತ ಒಡೀತರಿ?”

“ಗುರುವಾರ.”

ಬೆರಳು ಮಡಚಿ ಎಣಿಸಿದರು. ಐದು ರಾತ್ರಿ. ಅವರ ತುಟಿ ಬಿಳುಚಿತು. ಅವರು ಹೆದರಿದ್ದನ್ನು ಅಂದು ಮೊದಲ ಸಲ ನೋಡಿದೆ.

ಮನೆಗೆ ಬಂದು ಕ್ಯಾಲೆಂಡರಿನ ಮುಂದೆ ನಿಂತರು, ಮುಟ್ಟಲಿಲ್ಲ. “ದೇವರನ್ನ ನೀವ ತಗೀರಿ,” ಎಂದರು. ತೆಗೆದೆ. ಬಿರುಕಿಗೆ ಬೆರಳಿಟ್ಟು ಹಿಂದೆ ಎಳೆದುಕೊಂಡರು. ಇದ್ದ ಪಿಒಪಿ ಕಲಸಿ ಹೊಸ ಪಟ್ಟಿ ಕೂರಿಸಿದರು. ಸೆಕ್ರೆಟರಿ ಬರೇ ಮಾತು ಕೇಳುವವರಲ್ಲ, ಅವರಿಗೆ ಕಣ್ಣಿಗೆ ಕಾಣಬೇಕು ಎಂದರು. ಆಮೇಲೆ ಕಿವಿಯ ಸಂದಿಯ ಪೆನ್ಸಿಲು ತೆಗೆದು ನನ್ನ ಕೈಗೆ ಕೊಟ್ಟರು.

“ಮೊದಲಿಂದು ಯಾವತ್ತ ಒಡೀತು, ಅದನ್ನ ಬರೀರಿ. ಗ್ವಾಡಿ ಮ್ಯಾಲ ಸುಳ್ಳ ತಾರೀಖು ಇರಬಾರದು.”

‘ಗುರುವಾರ ಒಡೆಯಿತು’ ಎಂದು ಕನ್ನಡದಲ್ಲಿ ಬರೆದೆ. ಪಿಒಪಿ ಗಟ್ಟಿಯಾಗುವ ತನಕ ಅವರು ಏನನ್ನೋ ಪಿಸುಗುಟ್ಟುತ್ತಿದ್ದರು, ನಾನು ಲಕ್ಷ್ಮಿಯ ಅಷ್ಟೋತ್ತರದಲ್ಲಿ ಅರ್ಧಕ್ಕೆ ಮರೆತು ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದೆ. ಸೆಕ್ರೆಟರಿಯನ್ನು ಕರೆಸಿದೆವು. ಅವರು ಬಂದು ಬಾಗಿಲಲ್ಲಿ ನಿಂತು, ಮತ್ತೆ ಅದೇ ಹಿಸ್ಟಾರಿಕಲ್ಲಾ ಎನ್ನುವಷ್ಟರಲ್ಲಿ ಗಾಜು ಟಿಕ್ಕೆಂದಿತು. ಹಸಿರು ಬಳೆ ಕಲ್ಲಿಗೆ ತಾಗಿ ಒಡೆಯುವಷ್ಟೇ ಸದ್ದು.

ಮೇಸ್ತ್ರಿ ಸೆಕ್ರೆಟರಿಯ ಕೈ ಹಿಡಿದು ಹಿಂದಿಯಲ್ಲಿ ಹೇಳಿದ ಮಾತು ನನಗೆ ಹಾಗೇ ನೆನಪಿದೆ. ಇತಿಹಾಸ ಆಗಿದ್ದರೆ ನಿಂತಿರುತ್ತಿತ್ತು ಸಾಹೇಬರೇ, ಇದು ನಿಂತಿಲ್ಲ, ನಾವು ಮೂವರು ನಿಂತಿರುವಾಗಲೇ ನಡೆಯುತ್ತಿದೆ ಎಂದರು. ಸೆಕ್ರೆಟರಿ ಮೇಲೆ ಹೋಗಿ, ತಮ್ಮ ದಾದಾನ ಫೋಟೋವನ್ನು ಕಂಕುಳಲ್ಲಿಟ್ಟುಕೊಂಡು ಇಳಿದರು. ಎಂದೂ ದನಿ ಎತ್ತದ ಮೇಸ್ತ್ರಿ ಆ ಮಧ್ಯಾಹ್ನ ಹನ್ನೊಂದು ಬಾಗಿಲಿಗೂ ಕರಣಿಯ ಹಿಡಿಯಿಂದ ಬಡಿದು ಕೂಗಿದರು. ಒಬ್ಬರು ಅನ್ನಕ್ಕಿಟ್ಟಿದ್ದೇನೆ ಎಂದರು, ಒಬ್ಬರು ಬಾಣಂತಿ ಇದ್ದಾಳೆ ಎಂದರು. ಎಲ್ಲರನ್ನೂ ಇಳಿಸಿದರು. ನನ್ನ ಕೈಗೆ ಸಿಕ್ಕಿದ್ದು ಕಳಶದ ಚೊಂಬು, ಮಗಳ ಸರ್ಟಿಫಿಕೇಟಿನ ಫೈಲು, ಯಾಕೋ ಚಹಾಪುಡಿಯ ಡಬ್ಬಿ.

ನಾಲ್ಕು ಗಂಟೆಯ ಸುಮಾರಿಗೆ ಹಿಂಭಾಗದ ಅಡುಗೆಮನೆಗಳ ಸಾಲು ಕೂತಿತು. ಬಿತ್ತು ಎನ್ನಲಾರೆ, ದಣಿದ ಹೆಂಗಸು ಸೊಂಟ ಹಿಡಿದು ಕೂರುವ ಹಾಗೆ ಕೂತಿತು. ಧೂಳು ಮಳೆಗೆ ಬೇಗ ಇಳಿಯಿತು. ಎದುರು ಫುಟ್‌ಪಾತಿನಲ್ಲಿ ನಿಂತು ನಾನು ತಲೆ ಎಣಿಸಿದೆ. ಯಾರೂ ಕಡಿಮೆಯಿರಲಿಲ್ಲ. ಬಾಣಂತಿಯ ಮಗು ಅಳುತ್ತಿತ್ತು, ಅದನ್ನೂ ಎಣಿಸಿದೆ.

ಆ ಸಂಜೆ ಎಲ್ಲರೂ ಮೇಸ್ತ್ರಿಯ ಕೈ ಹಿಡಿದು ಗಾಜು ಇವತ್ತು ಸರಿಯಾದ ಹೊತ್ತಿಗೆ ಒಡೆಯಿತು ಎಂದರು. ಇವತ್ತಲ್ಲ ಎಂದು ಹೇಳಬಲ್ಲವರು ಇಬ್ಬರೇ. ಬರೆದಿಟ್ಟಿದ್ದ ಗೋಡೆ ರಾಶಿಯ ಅಡಿಯಲ್ಲಿತ್ತು, ಇಲ್ಲದಿದ್ದರೂ ಆ ಬಿಲ್ಡಿಂಗಿನಲ್ಲಿ ನಮ್ಮ ಮನೆಯವರನ್ನು ಬಿಟ್ಟರೆ ಕನ್ನಡ ಓದುವವರು ಇರಲಿಲ್ಲ. ಮೇಸ್ತ್ರಿ ನನ್ನ ಕಡೆ ನೋಡಲೂ ಇಲ್ಲ. ಅವರು ಸಾಯುವ ತನಕ ಯಾರಿಗೂ ಹೇಳಲಿಲ್ಲ. ನಾನೂ ಹೇಳಿರಲಿಲ್ಲ. ಈಗ ಹೇಳಿದ್ದೇನೆ. ನಮ್ಮವರೂ ಇದನ್ನು ಇಲ್ಲಿಯೇ ಮೊದಲು ಓದುತ್ತಾರೆ.

ನಾವು ಜೋಗೇಶ್ವರಿಯ ಈ ಬಾಡಿಗೆ ಫ್ಲ್ಯಾಟಿಗೆ ಬಂದು ನಾಲ್ಕು ವರ್ಷ. ಬಂದ ಹೊಸದರಲ್ಲಿ ಅಡುಗೆಮನೆಯ ಗೋಡೆಯಲ್ಲಿ ದಾರದಂಥ ಒಂದು ಗೆರೆ ಕಂಡು ನಾನು ಅನ್ನ ನೀರು ಬಿಟ್ಟಿದ್ದೆ. ಮೇಸ್ತ್ರಿಗೆ ಫೋನ್ ಮಾಡಿದೆ. ಬಂದು ನೋಡಿ ಇದು ಬರೇ ಗಿಲಾವಿನದು, ಮೇಲೆ ಬಳಿದ ಗಾರೆಯದು, ಗೋಡೆಯದಲ್ಲ ಎಂದರು. ಆದರೂ ನನ್ನ ಮುಖ ನೋಡಿ ಒಂದು ಪಟ್ಟಿ ಅಂಟಿಸಿದರು. “ಹೊಸಾ ಗ್ವಾಡಿ ಅಕ್ಕಾರ, ಇನ್ನ ಸುಳ್ಳ ಕಲ್ತಿಲ್ಲ,” ಎಂದು ನಕ್ಕರು. ಆ ದಿನ ಚಹಾ ಕೊಟ್ಟು ಕೇಳಿದೆ, ಅವತ್ತು ನನ್ನನ್ನು ಯಾಕೆ ಬೈಯಲಿಲ್ಲ ಎಂದು.

ಅವರು ಲೋಟ ತಿರುಗಿಸುತ್ತ ಹೇಳಿದರು. ವಯಸ್ಸಿನಲ್ಲಿದ್ದಾಗ ಒಂದು ಚಾಳಿನ ರಿಪೇರಿಗೆ ತಮ್ಮನನ್ನು ಜೊತೆಗೆ ಕರೆದೊಯ್ದಿದ್ದರಂತೆ. ಕಿಟಕಿಯ ಮೇಲಿನ ಸಜ್ಜದ ಬಿರುಕು ನೋಡಿ ತಮ್ಮ ಅದರ ಮೇಲೆ ಕಾಲಿಡಲು ಹಿಂಜರಿದ. ಇವರು ಕಣ್ಣಲ್ಲೇ ನೋಡಿ ಹಳೆಯದು, ಹೋಗು ಎಂದರು. ಹೋದ. ಸಜ್ಜ ಅವನ ಸಮೇತ ಬಿತ್ತು. ಅಂದಿನಿಂದ ಜೇಬಿನಲ್ಲಿ ಗಾಜು.

ಎಷ್ಟು ವರ್ಷವಾಯಿತು ಎಂದೆ. ನಲವತ್ತರ ಮೇಲೆ ಎಂದರು. ಅವರನ್ನು ಸಮಾಧಾನ ಮಾಡಬೇಕೆಂದು ನನ್ನ ಬಾಯಿಗೆ ಅವರದೇ ಮಾತು ಬಂತು.

“ಅದು ಈಗ ನಿಂತಿದೆ ಅಲ್ವಾ, ಮೇಸ್ತ್ರಿಗಳೇ?”

“ಇಲ್ಲರಿ. ಅದು ಇನ್ನ ನಡದದ.” ಲೋಟ ಕೆಳಗಿಟ್ಟರು. “ನಿಮ್ಮದೂ ನಡೀತದ ಅಕ್ಕಾರ. ತುಂಬಾಕ ಹೋಗಬ್ಯಾಡ್ರಿ. ನೋಡಕೋಂತ ಇರ್ರಿ, ಅಷ್ಟ.”

ಇವತ್ತು ಶುಕ್ರವಾರ. ಮಧ್ಯಾಹ್ನ ಸಾರಿಗೆ ಒಗ್ಗರಣೆ ಕೊಡುತ್ತಿದ್ದಾಗ ಇಲ್ಲಿನ ಮಸೀದಿಯಿಂದ ಅಜಾನ್ ಕೇಳಿಸಿತು. ನಮಾಜು ಮುಗಿಯುವಷ್ಟು ಹೊತ್ತು ಕಾದೆ. ಆ ಹೊತ್ತಿಗೆ ಸರಿಯಾಗಿ ಯಾರೋ ಮೆಟ್ಟಿಲು ಹತ್ತಿ ಮೇಲಿನ ಮಾಳಿಗೆಗೆ ಹೋದರು. ಬಾಗಿಲ ಕಡೆ ತಿರುಗಿ, ಯಾರೂ ಕೇಳದಿದ್ದರೂ, “ಇದೆ, ಮೇಸ್ತ್ರಿಗಳೇ,” ಎಂದೆ.

ಹೇಳುವ ಮೊದಲು ಗಾಜಿಗೆ ಬೆರಳಿಟ್ಟು ನೋಡಿದ್ದೆ.